ಕರೆಂಟು ಮಾರುವವರ ಊರಿನಲ್ಲಿ ಐದು ವಾರ

ಹೊರಡುವ ಮೊದಲು, ಪುತ್ತೂರು

ಅಮೆರಿಕಕ್ಕೆ ಹೋಗಿ ಬಂದವನೆಂದು ಪುತ್ತೂರಿನಲ್ಲಿ ನನ್ನನ್ನು ಎರಡು ಕಡೆ ಭಾಷಣಕ್ಕೆ ಕರೆದಿದ್ದರು. ಎರಡೂ ಕಡೆ ನಾನು ಹೋಗಲಿಲ್ಲ. ಜನ ಕೇಳಬೇಕೆಂದಿದ್ದದ್ದು ಮುಗಿಲು ಮುಟ್ಟುವ ಕಟ್ಟಡಗಳ ವಿಷಯ. ಅವುಗಳಲ್ಲಿ ಒಂದನ್ನೂ ನಾನು ಕತ್ತೆತ್ತಿ ನೋಡಿರಲಿಲ್ಲ. ನೋಡಿದ್ದು ಒಣ ಬಯಲಿನ ನಡುವಿನ ಒಂದು ಸಣ್ಣ ಊರು, ಅದರ ಮೇಲ್ಗಡೆ ಸರಕಾರ ಕಟ್ಟಿದ ಒಂದು ಅಣೆಕಟ್ಟೆ, ಆ ಅಣೆಕಟ್ಟೆಯ ಕರೆಂಟನ್ನು ಮಾರುವವರು ಮತ್ತು ಕೊಳ್ಳುವವರು. ಕೆಲಸದಿಂದ ನಿವೃತ್ತನಾದ ಮೇಲೆ ಈಗ ಬರೆಯಲು ಕುಳಿತಿದ್ದೇನೆ. ಬರೆಯದೆ ಉಳಿದರೂ ಸುಳ್ಳು ಹೇಳಿದ ಹಾಗೆಯೇ ಆಗುತ್ತದೆ. ಆ ಕೆಲಸವನ್ನು ನಾನು ಒಮ್ಮೆ ಮಾಡಿ ಆಗಿದೆ.

ಎಪ್ಪತ್ತರ ದಶಕದ ಕೊನೆಗೆ ನಾನು ಸುಳ್ಯದಲ್ಲಿ ವಿದ್ಯುತ್ ಇಲಾಖೆಯ ಜೂನಿಯರ್ ಎಂಜಿನಿಯರ್. ಮನೆ ಪುತ್ತೂರಿನಲ್ಲಿ, ದಿನಾ ಬಸ್ಸಿನ ಪ್ರಯಾಣ. ನಮಗೆ ಕರೆಂಟು ಬರುತ್ತಿದ್ದದ್ದು ಘಟ್ಟದ ಮೇಲಿನ ಅಣೆಕಟ್ಟೆಗಳಿಂದ. ಮಾರ್ಚ್ ಕಳೆಯಿತೆಂದರೆ ಅಲ್ಲಿ ನೀರು ಇಳಿಯುತ್ತಿತ್ತು, ಇಲ್ಲಿ ಪವರ್ ಕಟ್ ಶುರುವಾಗುತ್ತಿತ್ತು. ಬೆಳಿಗ್ಗೆ ಕಡಬದ ಕಡೆಯವರಿಗೆ ಇಲ್ಲ, ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಆಲೆಟ್ಟಿಯ ಕಡೆಯವರಿಗೆ ಇಲ್ಲ, ಹೀಗೆ ಸರದಿ. ಪಂಪು ನಿಂತವರು ಬಂದು ನನ್ನ ಮೇಜಿನೆದುರು ನಿಂತು ಬೈಯುತ್ತಿದ್ದರು. ಕೊನೆಗೆ ಕೃಷಿಕರಲ್ಲೇ ಕೆಲವರು ಒಂದು ಯೋಚನೆ ತಂದರು: ತಾವೇ ಸಹಕಾರ ಸಂಘ ಕಟ್ಟಿ, ಅಣೆಕಟ್ಟೆಯ ಕರೆಂಟನ್ನು ಸರಕಾರದಿಂದ ಸಗಟಾಗಿ ಕೊಂಡು, ತಮ್ಮ ಊರಿಗೆ ತಾವೇ ಹಂಚಿಕೊಳ್ಳುವುದು. ಅದರ ವರದಿಯನ್ನು ನಾನು ಬರೆದುಕೊಟ್ಟೆ. ಓದಿದ ಮೇಲಿನವರು, ಇಂಥ ಸಂಘಗಳು ಅಮೆರಿಕದಲ್ಲಿ ಬಹಳ ಕಾಲದಿಂದ ಉಂಟು, ಯಾರಾದರೂ ಹೋಗಿ ನೋಡಿ ಬರಲಿ ಎಂದರು. ಆರಿಸಿದ್ದು ನನ್ನನ್ನು.

"ನಿಮ್ಮ ಫೈಲು ಕ್ಲೀನ್ ಉಂಟು ರೈಗಳೇ, ಒಂದು ಮೆಮೋ ಸಹ ಇಲ್ಲ" ಎಂದರು ಮಂಗಳೂರಿನ ಮೇಲಧಿಕಾರಿ. ನಾನು ತಲೆ ತಗ್ಗಿಸಿ ನಿಂತೆ. ಅವರು ಅದನ್ನು ವಿನಯ ಎಂದುಕೊಂಡರು.

ಅದಕ್ಕೆ ಒಂದೂವರೆ ವರ್ಷ ಮೊದಲು ನನ್ನ ಕೈಕೆಳಗಿನ ಲೈನ್‌ಮ್ಯಾನ್ ಹಸನಬ್ಬ ಆಲೆಟ್ಟಿಯ ದಾರಿಯಲ್ಲಿ ಕಂಬದ ಮೇಲೆ ಕರೆಂಟು ಹೊಡೆದು ತೀರಿಕೊಂಡಿದ್ದ. ಕಬಕದವನು. ಮನೆಯಲ್ಲಿ ತಾಯಿ, ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ಅಣ್ಣಂದಿರು ಗಲ್ಫಿಗೆ ಹೋದರೂ ಇವನು ಹೋಗಿರಲಿಲ್ಲ. "ಎಲ್ಲರೂ ಹೋದರೆ ಉಮ್ಮನ ಹತ್ತಿರ ಯಾರು ಇರುದು ರೈಗಳೇ?" ಎನ್ನುತ್ತಿದ್ದ. ಅನುಮತಿ ಕೇಳದೆ, ತನ್ನದೇ ಅಜಾಗರೂಕತೆಯಿಂದ ಕಂಬ ಹತ್ತಿದನೆಂದು ವಿಚಾರಣೆಯ ವರದಿ ಹೇಳಿತು. ಅದು ಸುಳ್ಳೆಂದು ಗೊತ್ತಿದ್ದವರು ಇಬ್ಬರೇ. ಒಬ್ಬ ಸಬ್‌ಸ್ಟೇಷನ್ನಿನ ಆಪರೇಟರ್. ಅವನಿಗೆ ದೂರದ ಊರಿಗೆ ವರ್ಗವಾಗಿತ್ತು. ಇನ್ನೊಬ್ಬ ನಾನು.

ನಾನು ಹೊರಡುವ ದಿನ ಹಸನಬ್ಬನ ಹೆಂಡತಿ ನಬೀಸಾ ಪುತ್ತೂರಿನ ಬಸ್ ಸ್ಟ್ಯಾಂಡಿಗೆ ಬಂದಿದ್ದಳು. ನಾನು ಅಮೆರಿಕಕ್ಕೆ ಹೋಗುವ ಸುದ್ದಿ ಕಬಕದವರೆಗೂ ಹೋಗಿತ್ತು. ತಲೆಯ ಮೇಲಿನ ಬಟ್ಟೆಯನ್ನು ಸರಿಮಾಡಿಕೊಂಡು, ಸ್ವಲ್ಪ ದೂರದಲ್ಲೇ ನಿಂತು ಹೇಳಿದಳು: "ಅಲ್ಲಿ ಲೈನಿನವರು ಹೇಗೆ ಕೆಲಸ ಮಾಡುದು ಅಂತ ನೋಡಿ ಬನ್ನಿ ರೈಗಳೇ. ಬಂದು ಇಲ್ಲಿಯವರಿಗೆ ಕಲಿಸಿ. ನಮ್ಮ ಇವರು ಮಾಡಿದ ತಪ್ಪು ಇನ್ನೊಬ್ಬರು ಮಾಡುದು ಬೇಡ."

"ಆಗಲಿ" ಎಂದೆ. ಬಸ್ಸು ಹತ್ತಿದೆ.

ಮೊದಲ ದಿನ, ಇನ್ನೊಂದು ಬಸ್ ಸ್ಟ್ಯಾಂಡು

ವಿಮಾನ ಎಲ್ಲೆಲ್ಲಿ ಇಳಿಯಿತು, ಎಲ್ಲೆಲ್ಲಿ ಹತ್ತಿದೆ ಎಂಬುದನ್ನೆಲ್ಲ ಬರೆಯುವುದಿಲ್ಲ. ಕೊನೆಯ ಆರು ಗಂಟೆ ಬಸ್ಸಿನಲ್ಲಿ ಕಳೆದವು. ಕಿಟಕಿಯ ಹೊರಗೆ ಒಂದು ಮರವಿಲ್ಲ, ಒಬ್ಬ ಮನುಷ್ಯನಿಲ್ಲ. ನಮ್ಮ ಕಡೆ ಬಸ್ಸು ಹತ್ತು ನಿಮಿಷ ಓಡಿದರೆ ಒಂದು ಅಂಗಡಿ, ಒಂದು ಕಟ್ಟೆ, ಕೈ ತೋರಿಸುವ ಒಬ್ಬ ಅಜ್ಜನಾದರೂ ಸಿಗುತ್ತಾನೆ. ಇಲ್ಲಿ ಬಸ್ಸಿಗೆ ಕೈ ತೋರಿಸುವವರೇ ಇಲ್ಲ.

ಬಸ್ಸಿಳಿದರೆ ನಿಲ್ದಾಣವೆಂಬುದು ಒಂದೇ ಕೋಣೆ. ನನ್ನನ್ನು ಕರೆದೊಯ್ಯಲು ಅಲ್ಲಿಯ ಸಹಕಾರ ಸಂಘದವರು ಬರುತ್ತಾರೆಂದು ಪತ್ರದಲ್ಲಿತ್ತು. ಯಾರೂ ಕಾಣಲಿಲ್ಲ. ಎದುರಿನ ಬೆಂಚಿನಲ್ಲಿ ಬಿಳಿ ಕೂದಲಿನ ಒಬ್ಬ ಅಜ್ಜಿ, ಇಂಗ್ಲಿಷಿನಲ್ಲಿ 'ರೇ' ಎಂದು ಬರೆದ ರಟ್ಟನ್ನು ಮಡಿಲಲ್ಲಿ ಇಟ್ಟುಕೊಂಡು ಕುಳಿತಿದ್ದರು. ಯಾರೋ ಅವರ ಕಡೆಯ ರೇ ಎಂಬವನು ಬರಬೇಕಾಗಿದೆ ಎಂದುಕೊಂಡೆ. ಅವರೂ ನನ್ನನ್ನು ನೋಡಿದರು, ನಾನೂ ನೋಡಿದೆ. ಹೀಗೆ ಮುಖಾಮುಖಿಯಾಗಿ ಮುಕ್ಕಾಲು ಗಂಟೆ ಕುಳಿತೆವು. ಉಳಿದವರೆಲ್ಲ ಹೋಗಿ, ಟಿಕೆಟಿನವನು ಬಾಗಿಲು ಹಾಕಲು ಬಂದಾಗ ಅಜ್ಜಿ ಎದ್ದು, "ನೀವು ಮಿಸ್ಟರ್ ರೇ ಅಲ್ಲವಷ್ಟೆ?" ಎಂದು ಕೇಳಿದರು. "ಅಲ್ಲ, ನಾನು ರೈ" ಎಂದೆ. ಇಬ್ಬರೂ ನಕ್ಕೆವು. ಆ ಪ್ರಯಾಣದಲ್ಲಿ ನಾನು ಮನಸ್ಸು ಬಿಟ್ಟು ನಕ್ಕದ್ದು ಅದೊಂದೇ ಸಲವಿರಬೇಕು.

ಅವರ ಹೆಸರು ಎಡ್ನಾ. ಶಾಲೆಯ ಟೀಚರಾಗಿದ್ದವರು, ವಿಧವೆ, ವಿದ್ಯುತ್ ಸಹಕಾರ ಸಂಘದ ಆಡಳಿತ ಮಂಡಳಿಯ ಸದಸ್ಯೆ. ಐದು ವಾರ ನಾನು ಉಳಿದುಕೊಂಡದ್ದು ಅವರ ಮನೆಯಲ್ಲೇ. ಅಲ್ಲಿಯ ಚಳಿಗೆ ಅವರು ನನ್ನ ಹಾಸಿಗೆಯ ಮೇಲೆ ಕರೆಂಟಿನಿಂದ ಬೆಚ್ಚಗಾಗುವ ಒಂದು ಕಂಬಳಿ ಹೊದಿಸಿದ್ದರು. ವಯರು ಗೋಡೆಗೆ ಹೋಗುತ್ತಿತ್ತು. ಹದಿನಾಲ್ಕು ವರ್ಷ ಕರೆಂಟಿನ ಕೆಲಸ ಮಾಡಿದ ನಾನು ಅದನ್ನು ನೋಡಿ ಹೆದರಿದೆ. ಪ್ಲಗ್ಗು ಕಿತ್ತು, ಕಂಬಳಿಯನ್ನು ಮಡಚಿ ಕುರ್ಚಿಯ ಮೇಲಿಟ್ಟು, ಕೋಟು ಹಾಕಿಕೊಂಡು ಮಲಗಿದೆ. ಬೆಳಿಗ್ಗೆ ನನ್ನ ನೀಲಿಗಟ್ಟಿದ ತುಟಿಗಳನ್ನು ನೋಡಿ ಎಡ್ನಾ ಕೇಳಿದರು: "ಏನಾಯಿತು? ಹಾಳಾಗಿದೆಯೆ?"

"ಇಲ್ಲ. ಕರೆಂಟಿನ ಜೊತೆ ಮಲಗುವ ಅಭ್ಯಾಸ ಇಲ್ಲ ನನಗೆ" ಎಂದೆ.

ಅವರು ನಗಲಿಲ್ಲ. ಉಣ್ಣೆಯ ಎರಡು ಕಂಬಳಿಗಳನ್ನು ತಂದುಕೊಟ್ಟರು. ಆಮೇಲೆ ಆ ವಿಷಯ ಎತ್ತಲೂ ಇಲ್ಲ.

ಮೊದಲ ವಾರ, ಮಾರುವವರ ಕಚೇರಿ

ಅಣೆಕಟ್ಟೆಯ ಕರೆಂಟನ್ನು ಮಾರುವ ಸರಕಾರಿ ಕಚೇರಿಯಲ್ಲಿ ವಾಲ್ಟರ್ ಎಂಬವರು ನನಗೆ ಪಾಠ ಹೇಳಿದರು. ದಪ್ಪ ಮನುಷ್ಯ. ಬೆರಳುಗಳಲ್ಲಿ ಸದಾ ಪೆನ್ಸಿಲು ತಿರುಗಿಸುತ್ತಿದ್ದರು. ಗೋಡೆಯ ತುಂಬ ನಕಾಶೆ.

"ನೋಡಿ, ಈ ಕಟ್ಟೆಯನ್ನು ಕಟ್ಟಿದ್ದು ಕರೆಂಟಿಗಲ್ಲ, ನೀರಿಗೆ" ಎಂದರು. "ಮಳೆ ಬರುವುದೇ ಅಪರೂಪ. ಹಿಮ ಕರಗಿದ ನೀರನ್ನು ಹಿಡಿದಿಟ್ಟು ಬೇಸಗೆಯಲ್ಲಿ ರೈತರಿಗೆ ಬಿಡುತ್ತೇವೆ. ಹೇಗೂ ಬಿಡುವ ನೀರು ಚಕ್ರ ತಿರುಗಿಸಿಕೊಂಡು ಹೋಗಲಿ ಎಂದು ಕರೆಂಟು. ಅದನ್ನು ಮಾರಿ ಕಟ್ಟೆಯ ಖರ್ಚು ತೀರಿಸುತ್ತೇವೆ. ನನ್ನ ಕೆಲಸ ಯಾರಿಗೆ, ಎಷ್ಟು, ಎಷ್ಟು ವರ್ಷಕ್ಕೆ ಎಂದು ನೋಡುವುದು."

"ಜಾಸ್ತಿ ಬೆಲೆ ಕೊಟ್ಟವರಿಗೆ ಕೊಡುತ್ತೀರಾ?"

"ಇಲ್ಲ. ಕಾನೂನಿನ ಪ್ರಕಾರ ಮೊದಲ ಸರದಿ ಊರುಗಳಿಗೆ, ರೈತರ ಸಂಘಗಳಿಗೆ. ಕಂಪನಿಗಳು ಸಾಲಿನ ಕೊನೆಯಲ್ಲಿ ನಿಲ್ಲಬೇಕು. ಜನರ ದುಡ್ಡಿನಲ್ಲಿ ಕಟ್ಟಿದ ಕಟ್ಟೆ ತಾನೆ?"

ನನಗೆ ನಮ್ಮ ಮೀನಿನ ಮಾರ್ಕೆಟ್ಟು ನೆನಪಾಯಿತು. ಮೀನಿನವಳಿಗೆ ಬುಟ್ಟಿಯಲ್ಲಿದ್ದದ್ದನ್ನು ಮಧ್ಯಾಹ್ನದೊಳಗೆ ಮಾರಲೇಬೇಕು. ಕರೆಂಟಿನ ವ್ಯಾಪಾರವೂ ಹಾಗೆಯೇ. ನೀರನ್ನು ಇಟ್ಟುಕೊಳ್ಳಬಹುದು, ಕರೆಂಟನ್ನು ಇಟ್ಟುಕೊಳ್ಳಲಾಗದು. ಹುಟ್ಟಿದ ಕ್ಷಣದಲ್ಲೇ ಯಾರಿಗಾದರೂ ಹೋಗಬೇಕು. ಯಾರಿಗೆ ಎಂಬುದೇ ಪ್ರಶ್ನೆ. ಮೀನಿನವಳು ತನಗೆ ಬೇಕಾದವರಿಗೆ ಒಳ್ಳೆಯ ಮೀನನ್ನು ಎಲೆಯಡಿಯಲ್ಲಿ ಅಡಗಿಸಿಡುತ್ತಾಳೆ. ಸುಳ್ಯದಲ್ಲಿ ನಾನೂ ಹಾಗೆ ಇಟ್ಟವನೇ.

ವಾಲ್ಟರ್ ಕೇಳಿದರು: "ನಿಮ್ಮಲ್ಲಿ ಕಡಿಮೆ ಬಿದ್ದಾಗ ಯಾರಿಗೆ ಮೊದಲು ಎಂದು ಯಾರು ತೀರ್ಮಾನ ಮಾಡುವುದು?"

"ನನ್ನಂಥವರು" ಎಂದೆ.

"ಬರವಣಿಗೆಯಲ್ಲಿ?"

"ಫೋನಿನಲ್ಲಿ."

ಅವರ ಪೆನ್ಸಿಲು ನಿಂತಿತು. ಅವರು ನಕಾಶೆಯ ಕಡೆ ತಿರುಗಿದರು.

ಭಾನುವಾರ, ಅಣೆಕಟ್ಟೆ

ಎಡ್ನಾ ತಾವೇ ಕಾರು ಓಡಿಸಿ ನನ್ನನ್ನು ಕಟ್ಟೆಗೆ ಕರೆದೊಯ್ದರು. ಕೆಂಪು ಬಂಡೆಗಳ ಕಣಿವೆಯಲ್ಲಿ ಹಸಿರು ನೀರು. ಎರಡು ವರ್ಷದಿಂದ ಹಿಮ ಕಡಿಮೆ. ನೀರು ಇಳಿದಲ್ಲಿ ಬಂಡೆಯ ಸುತ್ತ ಸುಣ್ಣ ಬಳಿದ ಹಾಗೆ ಬಿಳಿಯ ಪಟ್ಟಿ, ತೆಂಗಿನ ಮರಕ್ಕಿಂತ ಎತ್ತರ. ಘಟ್ಟದ ಮೇಲಿನ ನಮ್ಮ ಕಟ್ಟೆಗಳಲ್ಲಿ ನೀರು ಇಳಿಯುವುದನ್ನು ನಾನು ಎಂದೂ ಕಣ್ಣಾರೆ ನೋಡಿರಲಿಲ್ಲ. ಎಲ್ಲೋ ನೀರು ಇಳಿದರೆ ಎಲ್ಲೋ ದೀಪ ಆರುತ್ತದೆ ಎಂಬುದು ನನಗೆ ಅಂಕಿಗಳಲ್ಲಿ ಮಾತ್ರ ಗೊತ್ತಿತ್ತು.

ಎಡ್ನಾ ಕಾರಿನಿಂದ ಇಳಿಯಲಿಲ್ಲ. ಗಾಜು ಇಳಿಸಿ ಬೆರಳು ತೋರಿಸಿದರು. "ಅಲ್ಲಿ, ಆ ಬಂಡೆಯ ಕೆಳಗೆ ನನ್ನ ಅಪ್ಪನ ಮನೆ. ಸೇಬಿನ ಗಿಡಗಳಿದ್ದವು. ನೀರು ಇಳಿದ ವರ್ಷ ಗೋಡೆ ಕಾಣುತ್ತದಂತೆ. ನಾನು ನೋಡಲು ಬರುವುದಿಲ್ಲ. ಇವತ್ತು ನಿಮಗಾಗಿ ಬಂದೆ."

"ಸಿಟ್ಟು ಬರುವುದಿಲ್ಲವೆ? ಇದೇ ಕಟ್ಟೆಯ ಕರೆಂಟಿಗೆ ನೀವು ಬಿಲ್ಲು ಕಟ್ಟಬೇಕಲ್ಲ."

"ಬರುತ್ತದೆ." ಅವರು ಗಾಜನ್ನು ಮತ್ತೆ ಏರಿಸಿದರು. "ಮುಳುಗಿಸುವ ಮೊದಲು ಸರಕಾರದಿಂದ ಒಬ್ಬ ಬಂದ. ನಮ್ಮ ಅಡುಗೆಮನೆಯ ಮೇಜಿಗೆ ಕುಳಿತು, 'ನಿಮ್ಮ ಮನೆ ಹೋಗುತ್ತದೆ, ನಿರ್ಧಾರ ಆಗಿದೆ, ಹೇಳಲು ನನ್ನನ್ನು ಕಳಿಸಿದ್ದಾರೆ' ಎಂದ. ಕೊಟ್ಟ ಕಾಫಿಯನ್ನು ಅವನು ಮುಟ್ಟಲಿಲ್ಲ. ಅಪ್ಪ ಸಾಯುವವರೆಗೂ ಅವನನ್ನು ಬೈದರು. ನಾನು ಈಗಲೂ ಬೈಯುತ್ತೇನೆ. ಅವನು ಬಾರದೆ, ಬರೀ ನೀರು ಬಂದಿದ್ದರೆ, ಬೈಯಲಿಕ್ಕೆ ನಮಗೆ ಒಂದು ಮುಖವೂ ಇರುತ್ತಿರಲಿಲ್ಲ. ಆಗ ಅಪ್ಪ ಅಮ್ಮನನ್ನೇ ಬೈಯುತ್ತಿದ್ದರೋ ಏನೋ."

ವಾಪಸು ಬರುವಾಗ ದಾರಿಯುದ್ದಕ್ಕೂ ಅವರು ಬೇರೆ ಏನೇನೋ ಹೇಳಿದರು. ನನ್ನ ಕಿವಿಗೆ ಒಂದೂ ಬೀಳಲಿಲ್ಲ.

ಎರಡನೆಯ ವಾರ, ಶಾಲೆಯ ಸಭೆ

ನೀರು ಕಡಿಮೆಯಾದದ್ದರಿಂದ ಸಂಘದ ಪಾಲಿನ ಕರೆಂಟನ್ನು ಸರಕಾರ ಇಳಿಸಿತ್ತು. ಸದಸ್ಯರೆಲ್ಲ ಶಾಲೆಯ ಸಭಾಂಗಣದಲ್ಲಿ ಸೇರಿದರು. ಟೊಪ್ಪಿ ಹಾಕಿದ ರೈತರು, ಮಕ್ಕಳನ್ನು ಎತ್ತಿಕೊಂಡ ಹೆಂಗಸರು, ಮನೆಯಿಂದ ಮಾಡಿ ತಂದ ಕೇಕುಗಳು. ಜಗಳಕ್ಕೆ ಬರುವಾಗ ತಿಂಡಿ ತರುವವರನ್ನು ನಾನು ಅಲ್ಲಿಯೇ ಮೊದಲು ನೋಡಿದ್ದು.

ಯಾವ ಲೈನಿಗೆ ಯಾವ ದಿನ, ಯಾವ ಗಂಟೆಗೆ ಕರೆಂಟು ಇಲ್ಲ ಎಂಬುದನ್ನು ದೊಡ್ಡ ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿದ್ದರು. ಆಗ ಆಲೂಗಡ್ಡೆಯ ದೊಡ್ಡ ಉಗ್ರಾಣದ ಮಾಲಿಕನೊಬ್ಬ ಎದ್ದು ನಿಂತ. ಊರಿನ ಅರ್ಧಕ್ಕೆ ಕೆಲಸ ಕೊಟ್ಟವನಂತೆ. ಮಾತೂ ಮೃದು. "ನನ್ನ ಲೈನಿಗೆ ಮಾತ್ರ ಸ್ವಲ್ಪ ಬೇಗ ಕೊಡಿ. ಹದಿನೈದು ನಿಮಿಷ, ಇಪ್ಪತ್ತು ನಿಮಿಷ. ಯಾರಿಗೆ ಏನು ನಷ್ಟ?" ಎಂದ.

ಸಂಘದ ಮ್ಯಾನೇಜರು ಎಲ್ಲರ ಮುಖ ನೋಡಿದ. ಎಡ್ನಾ ಕುಳಿತಲ್ಲಿಂದಲೇ ಹೇಳಿದರು: "ಫ್ರಾಂಕ್, ಕರೆಂಟು ಬರುವ ಗಂಟೆ ಗೋಡೆಯ ಮೇಲೆ ಬರೆದುಂಟು. ಅದನ್ನು ನೋಡಿಕೊಂಡು ಲೈನಿನವರು ಕಂಬ ಹತ್ತುತ್ತಾರೆ."

ಅವನು ಕುಳಿತ. ಅಷ್ಟಕ್ಕೇ ಮುಗಿಯಿತು. ನನಗೆ ಮಾತ್ರ ಅಲ್ಲಿ ಕೂರಲಾಗಲಿಲ್ಲ. ಹೊರಗೆ ಬಂದು ಶಾಲೆಯ ಮೆಟ್ಟಿಲ ಮೇಲೆ ನಿಂತೆ. ಕೈಯಲ್ಲಿ ಕೇಕಿನ ತುಂಡು ಹಾಗೆಯೇ ಇತ್ತು.

ಮೂರನೆಯ ವಾರ, ಲೈನಿನವರ ಅಂಗಳ

ಲೈನಿನವರ ಮೇಸ್ತ್ರಿಯ ಹೆಸರು ನಿಜವಾಗಿಯೂ ರೇ. ಐವತ್ತರ ಆಸುಪಾಸು. ಎಡಗೈಯಲ್ಲಿ ಎರಡು ಬೆರಳಿಲ್ಲ. "ನೀನೂ ರೇ, ನಾನೂ ರೇ. ಒಬ್ಬರು ಕೆಲಸ ಮಾಡಿದರೆ ಇಬ್ಬರಿಗೂ ಸಂಬಳ" ಎಂದು ಮೊದಲ ದಿನವೇ ಬೆನ್ನು ತಟ್ಟಿದ. ಅವನ ಲಾರಿಯಲ್ಲಿ ಕುಳಿತು ನಾನು ದಿನಾ ಲೈನಿನ ಮೇಲೆ ಹೋಗುತ್ತಿದ್ದೆ. ಅವನಿಗೆ ಉಪ್ಪಿನಕಾಯಿಯ ರುಚಿ ಹತ್ತಿಸಿದೆ. ಅವನು ನನಗೆ ತನ್ನ ಹೆಂಡತಿ ಕೊಟ್ಟ ರೊಟ್ಟಿಯಲ್ಲಿ ಅರ್ಧ ಕೊಡುತ್ತಿದ್ದ.

ಅವರಲ್ಲಿ ಒಂದು ಪದ್ಧತಿ. ಲೈನನ್ನು ಬಂದ್ ಮಾಡಿದ ಮೇಲೆ, ಕಂಬ ಹತ್ತುವ ಪ್ರತಿಯೊಬ್ಬನೂ ತನ್ನ ಹೆಸರಿನ ಕೆಂಪು ಚೀಟಿಯನ್ನು ಸ್ವಿಚ್ಚಿಗೆ ಕಟ್ಟಬೇಕು. ಚೀಟಿ ಇರುವವರೆಗೆ ಯಾರೂ ಸ್ವಿಚ್ಚು ಮುಟ್ಟುವಂತಿಲ್ಲ. ಕಟ್ಟಿದವನೇ ಇಳಿದು ಬಂದು, ತನ್ನ ಕೈಯಾರೆ ಬಿಚ್ಚಬೇಕು.

"ಮ್ಯಾನೇಜರು ಹೇಳಿದರೆ?" ಎಂದು ಕೇಳಿದೆ.

"ದೇವರು ಹೇಳಿದರೂ ಇಲ್ಲ."

ನಾನು ಅದನ್ನು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದೆ. ರೇ ಕೈ ತೊಳೆಯುತ್ತಾ ಸಹಜವಾಗಿ ಕೇಳಿದ: "ನಿಮ್ಮಲ್ಲಿ ಹೇಗೆ?"

ಹಸನಬ್ಬನ ವಿಷಯವನ್ನು ನಾನು ಯಾಕೆ ಆಗಲೇ ಹೇಳಿದೆನೋ ತಿಳಿಯದು. ಮಾತಾಡುತ್ತಿದ್ದದ್ದು ನನ್ನ ಭಾಷೆಯಲ್ಲದ್ದಕ್ಕೆ ಇರಬಹುದು. ನಬೀಸಾಳ ಮಾತು ಕಿವಿಯಲ್ಲಿದ್ದದ್ದಕ್ಕೂ ಇರಬಹುದು. "ಒಬ್ಬ ಸತ್ತಿದ್ದಾನೆ" ಎಂದೆ.

ನಡೆದದ್ದನ್ನೆಲ್ಲ ಅವನಿಗೆ ಹೇಳಿದೆ. ಅಂದು ಆಲೆಟ್ಟಿಯ ಕಡೆಗೆ ಒಂದರಿಂದ ನಾಲ್ಕರವರೆಗೆ ಪವರ್ ಕಟ್. ಹೇಗೂ ಲೈನು ಸತ್ತಿರುತ್ತದೆ, ಕಂಬದ ಮೇಲೆ ತಂತಿ ಹಿಡಿಯುವ ಒಡೆದ ಪಿಂಗಾಣಿ ಕಪ್ಪುಗಳನ್ನು ಆಗಲೇ ಬದಲಿಸುತ್ತೇನೆಂದು ಹಸನಬ್ಬ ಒಂದು ಅಂಗಡಿಯಿಂದ ನನಗೆ ಫೋನು ಮಾಡಿದ. "ನಾಲ್ಕರ ತನಕ ಲೈನು ನಿನ್ನದೇ" ಎಂದೆ. ಅನುಮತಿಯನ್ನು ಕಾಗದದಲ್ಲಿ ಬರೆಯಬೇಕಿತ್ತು. ನಾವು ಯಾರೂ ಬರೆಯುತ್ತಿರಲಿಲ್ಲ. ಮೂರೂವರೆಗೆ ಅದೇ ಲೈನಿನ ಮರದ ಮಿಲ್ಲಿನ ಸಾಹುಕಾರರು ನನ್ನ ಕಚೇರಿಗೆ ಬಂದು ಕುಳಿತರು. ಮರುದಿನದ ಲೋಡಿಗೆ ಹಲಗೆ ಕೊಯ್ಯಬೇಕಂತೆ. "ಸ್ವಲ್ಪ ಬೇಗ ಕೊಡಿ ಮಾರಾಯ್ರೆ, ನಿಮ್ಮ ಕೈಯಲ್ಲೇ ಉಂಟಲ್ಲ" ಎಂದರು. ಹೌದು, ನನ್ನ ಕೈಯಲ್ಲೇ ಇತ್ತು. ಅವರೆದುರು ಅದನ್ನು ತೋರಿಸುವ ಆಸೆಯೂ ಇತ್ತು. ಆ ಹೊತ್ತಿಗೆ ಹಸನಬ್ಬ ನೆನಪಾಗಲೇ ಇಲ್ಲ. ಸಬ್‌ಸ್ಟೇಷನ್ನಿಗೆ ಫೋನು ಮಾಡಿ, ಕೊಡಿ ಎಂದೆ. ನಾಲ್ಕಕ್ಕೆ ಹದಿನೇಳು ನಿಮಿಷ ಇತ್ತು.

ವಿಚಾರಣೆಗೆ ಬಂದವರು, ಅನುಮತಿ ಕೊಟ್ಟ ಕಾಗದ ಎಲ್ಲಿ ಎಂದು ಕೇಳಿದರು. "ಇಲ್ಲ" ಎಂದೆ. ಅದು ನಿಜವೇ. ಫೋನು ಬಂದಿತ್ತೇ ಎಂದು ಅವರು ಕೇಳಲಿಲ್ಲ. ನಾನು ಹೇಳಲಿಲ್ಲ.

ರೇ ಕೈ ಒರೆಸುವುದನ್ನು ಮರೆತು ನಿಂತಿದ್ದ. ನೀರು ತೊಟ್ಟಿಕ್ಕುತ್ತಿತ್ತು. "ಅವನ ಹೆಂಡತಿಗೆ ಗೊತ್ತೇ?" ಎಂದ.

"ಇಲ್ಲ."

"ತಪ್ಪು ಅವನದೇ ಅಂದುಕೊಂಡಿದ್ದಾಳೆ?"

"ಹೌದು."

ಅವನು ಒಳಗೆ ಹೋದ. ಮಧ್ಯಾಹ್ನ ಊಟಕ್ಕೆ ನನ್ನ ಹತ್ತಿರ ಕುಳಿತುಕೊಳ್ಳಲಿಲ್ಲ. ಮರುದಿನ ಬೆಳಿಗ್ಗೆ ನಾನು ಎಂದಿನಂತೆ ಲಾರಿಯ ಬಾಗಿಲಿಗೆ ಕೈ ಹಾಕಿದಾಗ ಕೆಳಗಿಳಿದು ಬಂದು, ತಗ್ಗಿದ ದನಿಯಲ್ಲಿ ಹೇಳಿದ: "ಇನ್ನು ನನ್ನ ಲಾರಿಗೆ ಹತ್ತಬೇಡ. ನಿನ್ನ ಮೇಲೆ ದ್ವೇಷ ಏನೂ ಇಲ್ಲ. ಆದರೆ ನನ್ನ ಹುಡುಗರು ಕಂಬ ಹತ್ತುತ್ತಾರೆ."

ಲಾರಿ ಹೋಯಿತು. ದೂಳು ಅಡಗುವವರೆಗೆ ನಿಂತಿದ್ದೆ. ಅವನು ಹೇಳಿದ್ದರಲ್ಲಿ ತಪ್ಪೇನಿತ್ತು? ವಿಚಾರಣೆಯಲ್ಲಿ ಯಾರೂ ನನಗೆ ಕೊಡದ ಶಿಕ್ಷೆಯನ್ನು ಅವನು ಕೊಟ್ಟಿದ್ದ.

ಕೊನೆಯ ಎರಡು ವಾರ ಕಚೇರಿಯಲ್ಲೇ ಕುಳಿತು ಸಂಘದ ನಿಯಮಗಳನ್ನೂ ಕರಾರು ಪತ್ರಗಳನ್ನೂ ಓದಿದೆ. ನನ್ನ ವರದಿಗೆ ಬೇಕಾದದ್ದೆಲ್ಲ ಸಿಕ್ಕಿತು. ಹೊರಡುವ ದಿನ ಎಡ್ನಾ ನನ್ನನ್ನು ಬಸ್ಸಿಗೆ ಬಿಡಲು ಬಂದರು. ಬಸ್ಸು ಹೊರಡಲು ಸ್ವಲ್ಪ ಹೊತ್ತಿರುವಾಗ ರೇ ಕೆಲಸದ ಬಟ್ಟೆಯಲ್ಲೇ ಬಂದ. ಕೈ ಕುಲುಕಲಿಲ್ಲ.

"ಹೋಗಿ ಹೇಳು" ಎಂದ.

"ಹೇಳಿದರೆ ಕ್ಷಮಿಸುತ್ತಾರೆ ಎನ್ನುತ್ತೀಯಾ?"

"ಅದು ನನಗೆ ಹೇಗೆ ಗೊತ್ತು? ಕ್ಷಮೆಗೆ ಹೋಗುವುದಾದರೆ ಹೋಗಬೇಡ. ಅವನ ಹೆಸರಿಗಾಗಿ ಹೋಗು."

ಕಬಕ

ಊರಿಗೆ ಬಂದ ಮೂರನೆಯ ದಿನ ಮಧ್ಯಾಹ್ನ ಕಬಕದಲ್ಲಿ ಬಸ್ಸಿಳಿದು ಹಸನಬ್ಬನ ಮನೆಗೆ ನಡೆದೆ. ಜಗಲಿಯಲ್ಲಿ ಅವನ ತಾಯಿ ಬೀಪಾತುಮ್ಮ, ಹೆಂಡತಿ ನಬೀಸಾ ಇಬ್ಬರೂ ಮೊರ ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು.

"ಯಾರು, ರೈಗಳಾ? ಕೂತುಕೊಳ್ಳಿ. ಅಮೆರಿಕದಲ್ಲಿ ಎಂತ ಉಂಟು?" ಎಂದರು ಬೀಪಾತುಮ್ಮ.

ನಾನು ಕೂರಲಿಲ್ಲ. "ಉಮ್ಮಾ, ನಾನು ಹಸನಬ್ಬನ ವಿಷಯ ಹೇಳ್ಲಿಕ್ಕೆ ಬಂದದ್ದು."

"ಅವನದ್ದು ಎಂತ ಹೇಳ್ಲಿಕ್ಕೆ ಉಂಟು?" ಮುದುಕಿಯ ಕೈ ನಿಲ್ಲಲಿಲ್ಲ. "ಸಣ್ಣದಿಂದಲೇ ಗಡಿಬಿಡಿಯವ. ಉಣ್ಣುವಾಗ ಗಡಿಬಿಡಿ, ಹೋಗುವಾಗ ಗಡಿಬಿಡಿ. ಯಾರನ್ನೂ ಕೇಳದೆ ಕಂಬ ಹತ್ತಿದ. ಎರಡು ಹೆಣ್ಣುಮಕ್ಕಳುಂಟು ಅಂತ ನೆನಪಾಗ್ಲಿಲ್ಲ ಅವನಿಗೆ. ಸತ್ತವರನ್ನು ಬೈಬಾರ್ದು ಅಂತಾರೆ. ನಾನು ದಿನಾ ಬೈತೇನೆ."

ನಬೀಸಾ ತಲೆಯೆತ್ತಲಿಲ್ಲ. ಈ ಬೈಗುಳ ಆ ಮನೆಯಲ್ಲಿ ದಿನವೂ ಕೇಳುತ್ತದೆಂದು ಅವಳ ಮುಖವೇ ಹೇಳುತ್ತಿತ್ತು.

"ಅವನು ಕೇಳಿದ್ದ ಉಮ್ಮಾ" ಎಂದೆ. "ನನ್ನ ಹತ್ತಿರ ಕೇಳಿದ್ದ. ನಾಲ್ಕು ಗಂಟೆಯ ತನಕ ಲೈನು ನಿನ್ನದು ಅಂತ ನಾನೇ ಹೇಳಿದ್ದು. ನಾಲ್ಕಕ್ಕೆ ಹದಿನೇಳು ನಿಮಿಷ ಇರುವಾಗ ಕರೆಂಟು ಕೊಡ್ಲಿಕ್ಕೆ ಹೇಳಿದ್ದು ಸಹ ನಾನೇ. ವಿಚಾರಣೆಯಲ್ಲಿ ಅದನ್ನು ಮುಚ್ಚಿಟ್ಟೆ."

ಇಬ್ಬರ ಕೈಯೂ ನಿಂತಿತು. ಬೀಪಾತುಮ್ಮ ಕೇಳಿದ್ದು ನಾನು ಕಾದಿದ್ದ ಪ್ರಶ್ನೆಯಲ್ಲ.

"ಅವನು ಕೇಳಿದ್ದನಾ?"

"ಕೇಳಿದ್ದ."

"ಎಂತ ಹೇಳಿ ಕೇಳಿದ?"

"ಮೂರು ಕಂಬದ್ದು ಕೆಲಸ ಉಂಟು ರೈಗಳೇ, ನಾಲ್ಕರ ಮೊದಲು ಇಳಿತೇನೆ ಅಂದ."

"ಗಡಿಬಿಡಿ ಮಾಡ್ಲಿಲ್ಲ?"

"ಇಲ್ಲ ಉಮ್ಮಾ. ಅವನು ಎಲ್ಲ ಸರಿಯಾಗಿಯೇ ಮಾಡಿದ್ದು."

ಮುದುಕಿ ಮೊರವನ್ನು ಬದಿಗೆ ತಳ್ಳಿದರು. ಎಲೆ, ತಂಬಾಕು ಅಂಗಳಕ್ಕೆ ಚೆಲ್ಲಿತು. "ಎನ್ನ ಮೋನೇ" ಎಂದು ಬ್ಯಾರಿಯಲ್ಲಿ ಮಗನನ್ನು ಕರೆದು, ಎರಡೂ ಕೈಗಳಿಂದ ತಲೆ ಹಿಡಿದುಕೊಂಡು ಅತ್ತರು. ಅವನು ಸತ್ತ ದಿನ ಅವರು ಅತ್ತಿರಲಿಲ್ಲ. ನಾನು ಅಲ್ಲಿದ್ದೆ, ನೋಡಿದ್ದೆ. ಅಂದು ಗೋಡೆಗೆ ಒರಗಿ ಕಲ್ಲಿನ ಹಾಗೆ ಕುಳಿತಿದ್ದರು.

ನಬೀಸಾ ಅತ್ತೆಯ ಬೆನ್ನ ಮೇಲೆ ಕೈಯಿಟ್ಟು ನನ್ನ ಕಡೆ ನೋಡಿದಳು. "ಬಸ್ ಸ್ಟ್ಯಾಂಡಿನಲ್ಲಿ ನಾನು ನಿಮಗೆ ಎಂತ ಹೇಳಿದೆ, ನೆನಪುಂಟಾ?"

"ಉಂಟು."

"ಅದನ್ನು ಕೇಳಿಯೂ ಬಸ್ಸು ಹತ್ತಿದ್ರಿ ನೀವು."

ಹೊರಡಲು ತಿರುಗಿದಾಗ ಅವಳೇ ಮತ್ತೆ ಕರೆದಳು. "ನಮ್ಮ ಹತ್ತಿರ ಮಾತ್ರ ಹೇಳಿದರೆ ಸಾಕಾಗುದಿಲ್ಲ. ಊರಿಡೀ ಇವರನ್ನು ಅಜಾಗ್ರತೆಯವ ಅಂತ ಹೇಳ್ತದೆ. ನನ್ನ ಮಕ್ಕಳಿಗೆ ಶಾಲೆಯಲ್ಲಿ ಸಹ ಹೇಳ್ತಾರೆ. ಶುಕ್ರವಾರ ಜುಮಾ ಬಿಟ್ಟ ಮೇಲೆ ಮಸೀದಿಯ ಎದುರು ಎಲ್ಲರೂ ಇರ್ತಾರೆ. ಅಲ್ಲಿ ಹೇಳಿ."

ಶುಕ್ರವಾರ ಹೋದೆ. ನಮಾಜು ಮುಗಿಸಿ ಬಂದವರು ಚಪ್ಪಲಿ ಹುಡುಕುತ್ತಾ, ಮಾತಾಡುತ್ತಾ ರಸ್ತೆಯಲ್ಲಿ ನಿಂತಿದ್ದರು. ನಾನು ಚಾದ ಅಂಗಡಿಯ ಎದುರಿನ ಕಲ್ಲಿನ ಮೇಲೆ ನಿಂತು, ಎಲ್ಲರಿಗೂ ಬರುವ ತುಳುವಿನಲ್ಲಿ, ಮೊದಲಿಂದ ಕೊನೆಯವರೆಗೆ ಹೇಳಿದೆ. ನಡುವೆ ಒಮ್ಮೆ ನೀರು ಕೇಳಿದೆ. ಯಾರೋ ನೀರು ಕೊಟ್ಟರು. ಕುಡಿದು ಉಳಿದದ್ದನ್ನೂ ಹೇಳಿದೆ. ಯಾರೂ ಕೈಯೆತ್ತಲಿಲ್ಲ, ಯಾರೂ ಬೈಯಲಿಲ್ಲ. ಒಬ್ಬ ಹಿರಿಯರು ಮುಂದೆ ಬಂದು, "ಕೇಳಿ ಆಯ್ತು ರೈಗಳೇ. ಇನ್ನು ಹೋಗಿ" ಎಂದರು. ಜನ ದಾರಿ ಬಿಟ್ಟರು.

ಅದೇ ವಾರ ಇಲಾಖೆಗೆ ಬರೆದುಕೊಟ್ಟೆ. ಕೆಲವು ತಿಂಗಳು ಅಮಾನತಿನಲ್ಲಿದ್ದೆ. ಆಮೇಲೆ ಬಿಜಾಪುರದ ಕಡೆಗೆ ವರ್ಗವಾಯಿತು. ಸಹಕಾರ ಸಂಘದ ನನ್ನ ವರದಿಯನ್ನು ಯಾರೂ ತೆರೆಯಲಿಲ್ಲ. ಬರೆದವನ ಹೆಸರು ಕೆಟ್ಟ ಮೇಲೆ ಬರಹಕ್ಕೆ ಬೆಲೆಯೆಲ್ಲಿ? ಸುಳ್ಯದ ಕೃಷಿಕರು ಪವರ್ ಕಟ್ಟಿಗೆ ಬೈಯುತ್ತಲೇ ಉಳಿದರು. ಆದರೆ ಹಳೆಯ ವಿಚಾರಣೆಯ ವರದಿಯನ್ನು ತಿದ್ದಿದರು. ಮೃತನ ತಪ್ಪು ಏನೂ ಇಲ್ಲ ಎಂಬ ಮಾತು ಅದರಲ್ಲಿ ಸೇರಿತು.

ಬಿಜಾಪುರಕ್ಕೆ ಹೋಗುವ ಮೊದಲು ಅದರ ಪ್ರತಿಯೊಂದನ್ನು ಹಿಡಿದುಕೊಂಡು ಕಬಕಕ್ಕೆ ಹೋದೆ. ನಬೀಸಾ ಬಾಗಿಲಲ್ಲಿ ನಿಂತು ಕಾಗದವನ್ನು ಬೆಳಕಿಗೆ ಹಿಡಿದು, ಅಕ್ಷರ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದಳು. ಬೀಪಾತುಮ್ಮ ಕಣ್ಣು ಮುಚ್ಚಿ ಕೇಳಿದರು. ಆ ಒಂದು ಸಾಲನ್ನು ಇನ್ನೊಮ್ಮೆ ಓದಿಸಿದರು. ಆಮೇಲೆ ಎದ್ದು ಜಗಲಿಯ ಮೆಟ್ಟಿಲಿನವರೆಗೆ ನನ್ನ ಜೊತೆ ಬಂದರು.

"ಇನ್ನು ಈ ಕಡೆ ಬರುದು ಬೇಡ, ಮಗಾ" ಎಂದರು.

ನಾನು ಮತ್ತೆ ಹೋಗಲಿಲ್ಲ.